ಹದಿನೇಳು ನಿಮಿಷದ ಪಾಸು

ಬೆಳಗಿನ ಐದೂಕಾಲು. ನಂಜನಗೂಡಿನ ಬಜಾರ್ ಬೀದಿಯಲ್ಲಿ ಹಾಲಿನ ಬೂತು ಬಿಟ್ಟರೆ ಬೇರೆ ಯಾವ ಬಾಗಿಲೂ ತೆರೆದಿಲ್ಲ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಮಾತ್ರ ಟ್ಯೂಬ್‌ಲೈಟ್ ಉರಿಯುತ್ತಿದೆ. ಒಳಗೆ ಐವತ್ತನಾಲ್ಕು ವರ್ಷದ ಚಿಕ್ಕಬಸಪ್ಪನವರು ಪಂಚೆ ಎತ್ತಿ ಕಟ್ಟಿ, ಬಾಯಲ್ಲೊಂದು ಸ್ಕ್ರೂ ಕಚ್ಚಿಕೊಂಡು, ತಮ್ಮದೇ ಕಂಪ್ಯೂಟರುಗಳನ್ನು ಒಂದೊಂದಾಗಿ ಕೆಡಿಸುತ್ತಿದ್ದಾರೆ. ಒಂದರ ಕೇಬಲ್ಲನ್ನು ಅರ್ಧಕ್ಕೆ ಎಳೆದು ಬಿಡುತ್ತಾರೆ. ಇನ್ನೊಂದರ ಹೊಟ್ಟೆ ಬಿಚ್ಚಿ ಮೆಮೊರಿ ಕಾರ್ಡನ್ನು ಸಡಿಲ ಮಾಡುತ್ತಾರೆ. ಮೂರನೆಯದರ ಮುಂದೆ ಕೂತು ನೆಟ್‌ವರ್ಕ್ ವಿಳಾಸದ ಒಂದೇ ಒಂದು ಅಂಕಿ ಬದಲಾಯಿಸಿ, ಏನೂ ಆಗಿಲ್ಲವೆಂಬಂತೆ ಎದ್ದು ಬರುತ್ತಾರೆ. ಹನ್ನೊಂದು ಕಂಪ್ಯೂಟರು, ದಿನಕ್ಕೆ ಹನ್ನೊಂದು ಕಾಯಿಲೆ. ಹೊಟ್ಟೆಪಾಡಿನ ಸಾಮಾನನ್ನು ತಾನೇ ಹಾಳು ಮಾಡುವ ಈ ಮನುಷ್ಯನನ್ನು ಬೀದಿಯವರು ಅರೆಹುಚ್ಚ ಅಂದರೆ ಅದು ಬೀದಿಯವರ ತಪ್ಪೇನಲ್ಲ.

ಆರು ಗಂಟೆಗೆ ರಾತ್ರಿ ಪಾಳಿ ಮುಗಿಸಿದ ಕಾರ್ಖಾನೆ ನೌಕರರು ಖಾಲಿ ಬುತ್ತಿ ಡಬ್ಬಿ ಹಿಡಿದು ಮೆಟ್ಟಿಲೇರಿ ಬರುತ್ತಾರೆ. ಇವರೆಲ್ಲ ವಿದೇಶಿ ಸಾಫ್ಟ್‌ವೇರ್ ಕಂಪನಿಗಳು ಕೊಡುವ ಸರ್ಟಿಫಿಕೇಟ್ ಪರೀಕ್ಷೆಗೆ ಓದುತ್ತಿರುವವರು. ಪಾಸಾದರೆ ಮೆಷಿನ್ ಬಿಟ್ಟು ಕಂಪ್ಯೂಟರ್ ಕೋಣೆಗೆ ಬಡ್ತಿ ಸಿಕ್ಕೀತೆಂಬ ಆಸೆ. ನೂಲಿನ ಗಿರಣಿಯ ಆಪರೇಟರ್ ಅಮೃತೇಶ್ ನಿದ್ದೆಗಣ್ಣಲ್ಲೇ ಕೂತು ಹತ್ತು ನಿಮಿಷ ತಡಕಾಡುತ್ತಾನೆ. "ಸಿಕ್ತು ಸಾ, ಕೇಬಲ್ ಸರ್ಯಾಗಿ ಕೂತಿಲ್ಲ" ಎಂದು ಕೈ ಹಾಕಲು ಹೋಗುತ್ತಾನೆ. ಚಿಕ್ಕಬಸಪ್ಪ ಮೇಷ್ಟ್ರು ತಡೆಯುತ್ತಾರೆ. "ಸರಿ ಮಾಡ್ಬೇಡ ಕಣೋ. ಮೊದ್ಲು ಹೆಂಗ್ ಗೊತ್ತಾಯ್ತು ಅಂತ ಹೇಳು. ಇದ್ನ ಬಿಟ್ಟು ಬೇರೆ ಏನೇನ್ ನೋಡ್ದೆ, ಅದು ಯಾಕಲ್ಲ ಅಂದ್ಕಂಡೆ, ಅದ್ನೂ ಹೇಳು." ಅಮೃತೇಶ್ ಹೇಳುತ್ತಾನೆ. ಹೇಳಿ ಮುಗಿಯುವವರೆಗೂ ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತಾರೆ.

ಊರಿಗೆಲ್ಲ ಅವರು ಇಂದಿಗೂ ಟೈಪಿಂಗ್ ಮೇಷ್ಟ್ರೇ. ನಂಜನಗೂಡು ತಾಲ್ಲೂಕಿನ ದೇವನೂರಿನವರು. ಎಸ್ಸೆಸ್ಸೆಲ್ಸಿ ಮುಗಿಸಿ, ಕನ್ನಡ ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಟೈಪಿಂಗ್ ಪಾಸು ಮಾಡಿ, ಇದೇ ಮಹಡಿಯಲ್ಲಿ ಹದಿನಾಲ್ಕು ಟೈಪ್‌ರೈಟರ್ ಇಟ್ಟುಕೊಂಡು ಹದಿನೆಂಟು ವರ್ಷ ಕುಟ್ಟಿಸಿದವರು. ತಾಲ್ಲೂಕು ಕಚೇರಿ, ಕೋರ್ಟು, ಪಂಚಾಯಿತಿ, ಎಲ್ಲಿ ನೋಡಿದರೂ ಅವರ ಶಿಷ್ಯರ ಬೆರಳು. ಅವರದು ಒಂದೇ ಶಿಸ್ತು. ಕೀಲಿಯನ್ನು ನೋಡಬಾರದು, ಬರೆಯುವುದರ ಅರ್ಥದ ಗೊಡವೆಗೆ ಹೋಗಬಾರದು. ಮೇಜಿನ ಮೇಲೆ ಮರದ ಸ್ಕೇಲು ಬೀಳುವ ತಾಳಕ್ಕೆ ಬೆರಳು ಬೀಳಬೇಕು. ಟೈಪಿಂಗಿಗೆ ಅದಕ್ಕಿಂತ ಒಳ್ಳೆಯ ಶಿಸ್ತಿಲ್ಲ.

ತೊಂಬತ್ತೇಳರಲ್ಲಿ ಟೈಪ್‌ರೈಟರುಗಳು ಗುಜರಿಗೆ ಹೋದವು, ಕಂಪ್ಯೂಟರುಗಳು ಬಂದವು. ಎರಡು ವರ್ಷದಲ್ಲಿ ಸರ್ಟಿಫಿಕೇಟಿನ ಹುಚ್ಚು ಮೈಸೂರು ದಾಟಿ ಇಲ್ಲಿಗೂ ಹಬ್ಬಿತು. ಆಫೀಸಿನ ಕಂಪ್ಯೂಟರುಗಳಿಗೆಲ್ಲ ತಾಯಿಯಂತಿರುವ ಸರ್ವರ್ ನೋಡಿಕೊಳ್ಳುವ ಸರ್ಟಿಫಿಕೇಟು ಒಂದಿದ್ದರೆ ಸಾಕು, ಕೆಲಸ ಮನೆಬಾಗಿಲಿಗೆ ಬರುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ. ಮೈಸೂರಿನಿಂದ ಯಾರೋ ಒಂದು ಜೆರಾಕ್ಸ್ ಕಟ್ಟು ತಂದು ಮೇಷ್ಟ್ರ ಕೈಗಿಟ್ಟರು. ಹಿಂದಿನ ಪರೀಕ್ಷೆಗಳಲ್ಲಿ ಬಂದಿದ್ದ ಮುನ್ನೂರ ಹನ್ನೆರಡು ಪ್ರಶ್ನೆ, ಜೊತೆಗೆ ಉತ್ತರ. ತಿರುಗಾಮುರುಗಾ ಕೇಳುವುದು ಅವನ್ನೇ.

ಅಲ್ಲಿ ಮೇಷ್ಟ್ರು ಎಡವಿದರು. ಟೈಪಿಂಗ್ ಮೇಷ್ಟ್ರು ಮಾತ್ರ ಎಡವಬಹುದಾದ ರೀತಿಯಲ್ಲಿ ಎಡವಿದರು. ಗುಜರಿಗೆ ಹೋಗದೆ ಉಳಿದಿದ್ದ ಸ್ಕೇಲನ್ನು ಮತ್ತೆ ಕೈಗೆತ್ತಿಕೊಂಡರು. ಪ್ರಶ್ನೆಯ ಮೊದಲ ನಾಲ್ಕು ಪದ ಅವರು ಓದುವುದು, ಸ್ಕೇಲು ಬೀಳುವುದು, ತರಗತಿ ಒಟ್ಟಿಗೆ ಉತ್ತರ ಕೂಗುವುದು. ಐದನೆಯ ಪದ ಓದಲು ಹೋದವರಿಗೆ ಬೈಗುಳ. "ಪೂರ್ತಿ ಓದ್ಬೇಡಿ ಅಂತಿದ್ದೆ ಕಣ್ರೀ. ಓದುದ್ರೆ ಯೋಚ್ನೆ ಬತ್ತದೆ, ಯೋಚ್ನೆ ಬಂದ್ರೆ ಕೈ ತಡೀತದೆ ಅಂತಿದ್ದೆ" ಎಂದು ಅವರೇ ಹೇಳುತ್ತಾರೆ. ಹೇಳುವಾಗ ನಗಲು ನೋಡುತ್ತಾರೆ. ನಗು ಬರುವುದಿಲ್ಲ.

ಎರಡು ವರ್ಷದಲ್ಲಿ ನಲವತ್ತೊಂದು ಮಂದಿ ಮೈಸೂರಿನ ಕೇಂದ್ರದಲ್ಲಿ ಪರೀಕ್ಷೆ ಬರೆದರು, ಮೂವತ್ತೆಂಟು ಮಂದಿ ಪಾಸಾದರು. ಗೋಡೆ ತುಂಬ ಫೋಟೋಗಳು ಬಂದವು. ಅವರೆಲ್ಲರಿಗಿಂತ ಮುಂದಿದ್ದವಳು ಹೇಮಲತಾ. ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯ ಹುಡುಗಿ. ತಂದೆ ಬೋರಯ್ಯ, ಕಾಲುವೆಯಿಂದ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿ. ಅವಳು ನಸುಕಿನಲ್ಲೇ ಹೊರಟು, ನರಸೀಪುರದಲ್ಲಿ ಬಸ್ಸು ಬದಲಾಯಿಸಿ, ಒಂದು ದಿನವೂ ತಪ್ಪಿಸದೆ ಬರುತ್ತಿದ್ದಳು. ಶುರುವಿನಲ್ಲಿ ಪ್ರಶ್ನೆ ಕೇಳುವ ಚಾಳಿಯಿತ್ತು. ಸರ್ವರ್ ಯಾಕೆ ಹೀಗೆ ಮಾಡುತ್ತೆ ಸಾರ್, ಒಳಗೆ ಏನಿದೆ ಸಾರ್ ಅನ್ನುತ್ತಿದ್ದಳು. ಮೇಷ್ಟ್ರು ಆ ಚಾಳಿ ಬಿಡಿಸಿದರು. ತೊಂಬತ್ತು ನಿಮಿಷದ ಪರೀಕ್ಷೆಯನ್ನು ಹದಿನೇಳೇ ನಿಮಿಷದಲ್ಲಿ ಮುಗಿಸಿ, ಸಾವಿರಕ್ಕೆ ಒಂಬೈನೂರ ನಲವತ್ತೇಳು ತೆಗೆದು ಅವಳು ವಾಪಸಾದ ದಿನ ಬಜಾರ್ ಬೀದಿಯಲ್ಲಿ ಮೈಸೂರ್‌ಪಾಕು ಹಂಚಿದ್ದರು. ಇಷ್ಟು ಬೇಗ ಹೇಗೆ ಮುಗಿಯಿತು ಎಂದು ಯಾರೂ ಕೇಳಲಿಲ್ಲ. ಮೇಷ್ಟ್ರು ಕೇಳಿಕೊಳ್ಳಬಹುದಿತ್ತು.

ತಾಂಡವಪುರದ ಕಡೆಯ ಒಂದು ಕಾರ್ಖಾನೆ ಆ ಸರ್ಟಿಫಿಕೇಟು ನೋಡಿ ಹೇಮಲತಾಳನ್ನು ಕಂಪ್ಯೂಟರ್ ಕೋಣೆಗೆ ಸೇರಿಸಿಕೊಂಡಿತು. ಒಂಬತ್ತನೆಯ ದಿನ ಕರೆಂಟು ಹೋಗಿ ಬಂದ ಮೇಲೆ ಸರ್ವರ್ ಏಳಲಿಲ್ಲ. ಕಂಪ್ಯೂಟರಿನಿಂದ ಬಿಲ್ಲು ಬರದೆ ಗೇಟಿನಲ್ಲಿ ಲಾರಿಗಳು ಸಾಲುಗಟ್ಟಿದವು. ಮ್ಯಾನೇಜರು, ಗುಮಾಸ್ತರು, ಲಾರಿ ಡ್ರೈವರುಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದರೆ ಹುಡುಗಿ ಆ ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಂತೇ ಇದ್ದಳು. ಮುನ್ನೂರ ಹನ್ನೆರಡು ಉತ್ತರ ತಲೆಯಲ್ಲಿದ್ದವು, ಪ್ರಶ್ನೆ ಯಾವುದೆಂದು ಗೊತ್ತಾಗಲಿಲ್ಲ. ಕೊನೆಗೆ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಬಂದು, ಹಿಂದುಗಡೆ ಸಡಿಲವಾಗಿದ್ದ ಒಂದು ವೈರನ್ನು ಹೆಬ್ಬೆರಳಲ್ಲಿ ಒತ್ತಿ ಕೂರಿಸಿದ. ಎಲ್ಲರೂ ಗೊಳ್ಳೆಂದು ನಕ್ಕರು. ಮಾರನೆಯ ದಿನದಿಂದ ಬರಬೇಡವೆಂದು ಹೇಳಿ ಕಳಿಸಿದರು.

ಆ ವಾರವೇ ಬೋರಯ್ಯ ನಂಜನಗೂಡಿಗೆ ಬಂದರು. ತಕರಾರಿಗೆ ಬಂದವರಲ್ಲ. ಚಪ್ಪಲಿಯನ್ನು ಮೆಟ್ಟಿಲಲ್ಲೇ ಬಿಟ್ಟು ಮೇಲೆ ಬಂದು, ಬಾಗಿಲಲ್ಲಿ ನಿಂತು ಕೇಳಿದರು. "ನಮ್ಮುಡ್ಗೀಗೆ ಇದು ತಲೆಗೆ ಅತ್ತದಾ ಇಲ್ವಾ, ನೀವೇ ಒಂದ್ಮಾತು ಏಳ್ಬುಡಿ ಸಾ. ಅತ್ತದೆ ಅಂದ್ರೆ ಇನ್ನೊಂದ್ ದಪ ಕಳುಸ್ತೀನಿ. ಅವಳು ಊಟ ಬುಟ್ಟು ಮಲಗವ್ಳೆ."

ಆಗ ಒಳಗೆ ಹದಿನಾರು ಮಂದಿಯ ಹೊಸ ಬ್ಯಾಚು ಕೂತಿತ್ತು. ಎಲ್ಲರ ಕಿವಿಯೂ ಬಾಗಿಲ ಕಡೆಗೇ. ತಪ್ಪು ಪಾಠದ್ದು ಎಂದು ಒಪ್ಪಿಕೊಂಡರೆ ಆ ಹದಿನಾರೂ ಮಂದಿ ಎದ್ದು ಹೋಗುತ್ತಾರೆಂದು ಮೇಷ್ಟ್ರಿಗೆ ಅನ್ನಿಸಿತು. "ಎಲ್ರಿಗೂ ಒಂದೇ ಪಾಠ ಹೇಳಿದ್ದೀನಿ ಬೋರಯ್ಯೋರೆ. ಕೆಲವ್ರಿಗೆ ಹತ್ತಲ್ಲ, ಏನ್ ಮಾಡೋದು" ಅಂದುಬಿಟ್ಟರು.

ಬೋರಯ್ಯ ಕೈಮುಗಿದು ಇಳಿದು ಹೋದರು. ಮೇಷ್ಟ್ರ ಮಾತನ್ನು ವೇದವಾಕ್ಯವೆಂದು ನಂಬುವ ಜನ. ಆಮೇಲೆ ಹೇಮಲತಾ ಇನ್ನೊಂದು ಪರೀಕ್ಷೆ ಕಟ್ಟುತ್ತೇನೆಂದಾಗ, ಖಾಸಗಿ ಶಾಲೆಯೊಂದು ಕಂಪ್ಯೂಟರ್ ಟೀಚರ್ ಕೆಲಸಕ್ಕೆ ಕರೆದಾಗ, ಊರಿನ ನಾಲ್ಕು ಜನರೆದುರು ಬೋರಯ್ಯ ಹೇಳಿದ್ದು ಒಂದೇ ಮಾತು: "ಬೇಡ ಕಣವ್ವ, ನಿಂಗೆ ಅತ್ತಲ್ಲ ಅಂತ ಮೇಷ್ಟ್ರೇ ಏಳವ್ರೆ." ಆ ಮಾತು ಹೆಮ್ಮಿಗೆಯಲ್ಲಿ ಅವಳ ಹೆಸರಿನ ಜೊತೆಗೇ ಅಂಟಿಕೊಂಡಿತು.

ಒಂದು ವರ್ಷದ ನಂತರ ಮೇಷ್ಟ್ರ ಸ್ವಂತ ಸರ್ವರ್ ಕೈಕೊಟ್ಟಿತು. ಅದನ್ನು ಎಬ್ಬಿಸಲು ಎರಡು ದಿನ ಒದ್ದಾಡಿದರು. ಕಟ್ಟಿನ ಅಷ್ಟೂ ಉತ್ತರ ಅವರಿಗೆ ಕಂಠಪಾಠ, ಒಂದೂ ಉಪಯೋಗಕ್ಕೆ ಬರಲಿಲ್ಲ. "ಅವತ್ತು ನೆಲದ ಮೇಲೆ ಕೂತ್ಕಂಡು ಅತ್ತುಬಿಟ್ಟೆ ಕಣ್ರೀ. ಸರ್ವರಿಗಲ್ಲ. ಆ ಮಗು ಅಷ್ಟು ಜನರ ಮುಂದೆ ಹಿಂಗೇ ತಾನೆ ನಿಂತಿತ್ತು ಅಂತ." ಜೆರಾಕ್ಸ್ ಕಟ್ಟು ಕಡಲೆಕಾಯಿ ಮಾರುವ ಮುತ್ತಮ್ಮನ ಬುಟ್ಟಿ ಸೇರಿತು. ಸುಮಾರು ದಿನ ನಂಜನಗೂಡಿನ ಜನ ಸರ್ವರ್ ಪ್ರಶ್ನೆಗಳಲ್ಲಿ ಸುತ್ತಿದ ಕಡಲೆಕಾಯಿ ತಿಂದರು. ಮೇಷ್ಟ್ರು ನಲವತ್ತೇಳನೆಯ ವಯಸ್ಸಿನಲ್ಲಿ ಸ್ಕ್ರೂಡ್ರೈವರ್ ಹಿಡಿದು ಮೊದಲಿನಿಂದ ಕಲಿಯಲು ಕೂತರು. ಪ್ರಶ್ನೆ ಪೂರ್ತಿ ಓದಿ, ನಿಧಾನವಾಗಿ ಬರೆದು, ಎರಡನೆಯ ಸಲಕ್ಕೆ ಆ ಪರೀಕ್ಷೆ ಪಾಸು ಮಾಡಿದರು. ಅಂಕ ಏಳುನೂರ ಹದಿನೆಂಟು. ಫೋಟೋ ಹಾಕಿಸಲಿಲ್ಲ. ಗೋಡೆಯಲ್ಲಿದ್ದ ಉಳಿದ ಫೋಟೋಗಳೂ ಇಳಿದವು.

ಕೆಡಿಸಿ ಕಲಿಸುವ ಈ ಪಾಠ ಶುರುವಾದದ್ದು ಆಮೇಲೆ. ಇದರಲ್ಲಿ ವ್ಯಾಪಾರವಿಲ್ಲ. ಮೂರು ತಿಂಗಳಲ್ಲಿ ಸರ್ಟಿಫಿಕೇಟು ಕೊಡಿಸುವ ಕೇಂದ್ರಗಳು ಇದೇ ಬೀದಿಯಲ್ಲಿ ಎರಡಿವೆ. ಇಲ್ಲಿ ಒಂದು ವರ್ಷವಾದರೂ ಬೇಕು. ಕಳೆದ ವರ್ಷ ಇಪ್ಪತ್ತು ಮಂದಿ ಪರೀಕ್ಷೆ ಬರೆದು ಪಾಸಾದದ್ದು ಹನ್ನೊಂದೇ. ಆದರೆ ಆ ಹನ್ನೊಂದರಲ್ಲಿ ಒಬ್ಬರನ್ನೂ ಯಾವ ಕಾರ್ಖಾನೆಯೂ ವಾಪಸು ಕಳಿಸಿಲ್ಲ. "ಮೇಷ್ಟ್ರು ಬೈಯ್ಯಲ್ಲ ಸಾ. ಗೊತ್ತಿಲ್ಲ ಅಂತ ಹೇಳು, ಪರ್ವಾಗಿಲ್ಲ ಅಂತಾರೆ. ಗೊತ್ತಿರೋರಂಗೆ ಆಡುದ್ರೆ ಮಾತ್ರ ಬೆಂಕಿ" ಎನ್ನುತ್ತಾನೆ ಅಮೃತೇಶ್.

ಹೇಮಲತಾ ಈಗ ತಿ. ನರಸೀಪುರದ ಬಸ್ ನಿಲ್ದಾಣದ ಬಳಿ ಒಂದು ಜೆರಾಕ್ಸ್ ಅಂಗಡಿ ನಡೆಸುತ್ತಾಳೆ. ಜೆರಾಕ್ಸು, ಲ್ಯಾಮಿನೇಷನ್ನು, ಸ್ಪೈರಲ್ ಬೈಂಡಿಂಗು ಎಲ್ಲ ಉಂಟು. ಕಂಪ್ಯೂಟರ್ ಇಲ್ಲ. ಟೈಪ್ ಮಾಡಿಸಲು ಬಂದವರನ್ನು ಪಕ್ಕದ ಅಂಗಡಿಗೆ ಕಳಿಸುತ್ತಾಳೆ. ಮೇಷ್ಟ್ರು ಅಲ್ಲಿಗೆ ನಾಲ್ಕು ಸಲ ಹೋದರು. ನಾಲ್ಕೂ ಸಲ ಜೇಬಿನಲ್ಲಿದ್ದ ಯಾವುದೋ ಕಾಗದಕ್ಕೆ ಒಂದು ಪ್ರತಿ ತೆಗೆಸಿಕೊಂಡು, "ಚೆನ್ನಾಗಿದ್ದೀಯೇನಮ್ಮ" ಎಂದಷ್ಟೇ ಕೇಳಿ ನಂಜನಗೂಡು ಬಸ್ಸು ಹತ್ತಿದರು. ಸರ್ವರ್ ಬಿಚ್ಚುವ ಧೈರ್ಯ ಬಂದಿತ್ತು, ಬಾಯಿ ಬಿಚ್ಚುವ ಧೈರ್ಯ ಬಂದಿರಲಿಲ್ಲ. ಐದನೆಯ ಸಲ, ಈ ವರ್ಷದ ಸಂಕ್ರಾಂತಿ ಕಳೆದ ಮೇಲೆ ಹೋದಾಗ, ಗಿರಾಕಿಗಳೆಲ್ಲ ಹೋಗುವವರೆಗೆ ಕಾದು ಹೇಳಿಯೇಬಿಟ್ಟರು. "ಹೇಮಾ, ದಡ್ಡ ಅವತ್ತು ನಾನು, ನೀನಲ್ಲ. ನಿಮ್ಮಪ್ಪಂಗೆ ನಾನು ಸುಳ್ಳು ಹೇಳ್ದೆ."

ಅವಳು ಯಾರದೋ ಪಡಿತರ ಚೀಟಿಯನ್ನು ಲ್ಯಾಮಿನೇಷನ್ ಮಾಡುತ್ತಿದ್ದಳು. ಅದು ಪೂರ್ತಿ ಹೊರಬಂದ ಮೇಲೆ ಅಂಚು ಕತ್ತರಿಸಿ ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದಳು. "ಅದು ನಂಗೆ ಅವತ್ತೇ ಗೊತ್ತಿತ್ತು ಸಾರ್. ಗೊತ್ತಿಲ್ದೆ ಇದ್ದದ್ದು ಅಪ್ಪಂಗೆ. ಅಪ್ಪ ಹೋಗಿ ಎರಡು ವರ್ಷ ಆಯ್ತು."

ಬೋರಯ್ಯ ತೀರಿಕೊಂಡ ಸುದ್ದಿ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅಲ್ಲಿದ್ದ ಸ್ಟೂಲು ಎಳೆದುಕೊಂಡು ಕೂತರು. ಬೆಳಗಿನ ಬ್ಯಾಚಿಗೆ ಬಾ, ಪಾಠ ಕೇಳಲು ಬೇಡ, ಹೇಳಿಕೊಡಲು ಬಾ ಎಂದು ಕರೆದರು. ಈಗ ಆಗಲ್ಲ ಸಾರ್, ಅಂಗಡಿ ಇದೆ, ಮನೆ ಇದೆ ಅಂದಳು. ಕೋಪವಿರಲಿಲ್ಲ. ಕೋಪ ಮಾಡಿಕೊಂಡಿದ್ದರೆ ತಡೆದುಕೊಳ್ಳಬಹುದಿತ್ತು ಎನ್ನುತ್ತಾರೆ ಮೇಷ್ಟ್ರು. ನಸುಕಿನಲ್ಲೇ ಹೊರಟು ಎರಡು ಬಸ್ಸು ಹತ್ತಿ ಅವಳು ಒಂದು ದಿನವೂ ತಪ್ಪಿಸದೆ ಬರುತ್ತಿದ್ದುದು, ಸರ್ವರಿನ ಒಳಗೆ ಏನಿದೆ ಎಂದು ಕೇಳುತ್ತಿದ್ದುದು, ಎಲ್ಲ ಒಟ್ಟಿಗೇ ನೆನಪಾಗಿ ಆ ದಿನ ಅವರು ಊಟ ಮಾಡಲಿಲ್ಲ.

ಮೇಷ್ಟ್ರ ಬಗ್ಗೆ ಬರೆಯಲು ಈ ಪತ್ರಿಕೆಯವರು ಬಂದು ಕೇಳಿದಾಗ ಎರಡು ಸಲ ಬೇಡವೆಂದಿದ್ದರು. ಮೂರನೆಯ ಸಲ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಅದಕ್ಕೂ ಮೊದಲು ನರಸೀಪುರಕ್ಕೆ ಹೋಗಿ ಹೇಮಲತಾಳ ಹೆಸರು ಹಾಕಿಸಲು ಅವಳ ಅಪ್ಪಣೆ ಕೇಳಿ ಬಂದರು. "ಹಾಕ್ಸಿ ಸಾರ್. ಊರ ಹೆಸರೂ ಹಾಕ್ಸಿ. ಅಪ್ಪ ಆ ಮಾತು ಅಂದದ್ದು ಊರವ್ರ ಮುಂದೆ" ಎಂದಳಂತೆ.

ಕ್ಯಾಮೆರಾ ತೆಗೆದರೆ ಮೇಷ್ಟ್ರು ಕೈ ಅಡ್ಡ ಹಿಡಿಯುತ್ತಾರೆ. "ನನ್ನ ಫೋಟೋ ಬೇಡ. ಆ ಜಾಗದಲ್ಲಿ ಒಂದೇ ಒಂದು ಮಾತು ಹಾಕಿ. ಹೆಮ್ಮಿಗೆ ನೀರುಗಂಟಿ ಬೋರಯ್ಯೋರ ಮಗಳು ಹೇಮಲತಾಗೆ ಕಂಪ್ಯೂಟರ್ ಹತ್ತಲ್ಲ ಅಂತ ಹೇಳಿದ್ದು ಸುಳ್ಳು, ಹೇಳ್ದೋನು ನಾನು, ಚಿಕ್ಕಬಸಪ್ಪ. ಅಷ್ಟು ಹಾಕಿ ಸಾಕು. ಭಾನುವಾರ ಎಂಟು ಗಂಟೆ ಬಸ್ಸಿಗೆ ಹೆಮ್ಮಿಗೆಗೆ ಪೇಪರ್ ಬತ್ತದಂತೆ. ಅಳ್ಳಿಮರದ ಕಟ್ಟೆ ಮೇಲೆ ಯಾರೋ ಒಬ್ರು ಜೋರಾಗಿ ಓದ್ತಾರಂತೆ, ಮಿಕ್ಕೋರು ಕೇಳ್ತಾರಂತೆ."