ಬೀಗ ಹಾಕಿದ ಕೋಣೆಯ ಕಂಪ್ಯೂಟರು

ಜಯನಗರದ ಟಿ ಬ್ಲಾಕಿನಲ್ಲಿ ಅಲಮೇಲಮ್ಮ ಅಂತ ಒಬ್ಬರಿದ್ದರು. ಅವರಂಥ ಮಡಿವಂತೆ ಆ ಬೀದಿಯಲ್ಲೇ ಇರಲಿಲ್ಲ. ಹಾಲಿನ ಪ್ಯಾಕೆಟ್ಟಿಗೂ ಸ್ನಾನವಾಗದೆ ಒಳಗೆ ಪ್ರವೇಶವಿಲ್ಲ. ಆದರೆ ಮಹಡಿಯ ಮೇಲೆ ಬಾಡಿಗೆಗಿದ್ದ ವಿಜಾಪುರದ ಕಡೆಯ ಮಧುಮತಿಗೆ ನೆಗಡಿಯಾದರೆ, ಮೆಣಸಿನ ಸಾರು ತಾನಾಗಿ ಮೆಟ್ಟಿಲು ಹತ್ತಿ ಹೋಗುತ್ತಿತ್ತು.

ಅವರ ಯಜಮಾನರು ಗುಂಡಣ್ಣ, ಬ್ಯಾಂಕಿನಿಂದ ನಿವೃತ್ತರಾದವರು. ಮನೆಗಳಿಗೆ ಬ್ರಾಡ್‌ಬ್ಯಾಂಡು ಹೊಸದಾಗಿ ಬಂದ ಕಾಲ ಅದು. ಗುಂಡಣ್ಣನವರು ತಮ್ಮ ಕೋಣೆಯ ಫೋನಿನ ಲೈನಿಗೆ ಅದನ್ನು ಹಾಕಿಸಿಕೊಂಡು, ಕಿಟಕಿಯಿಂದ ಮೇಲಕ್ಕೊಂದು ವೈರು ಎಳೆಸಿ ಮಧುಮತಿಯ ಕಂಪ್ಯೂಟರಿಗೂ ಕೊಟ್ಟರು. ಅದರ ಕಟ್ಟಳೆ ಒಂದೇ: ಕೆಳಗಿನ ಕಂಪ್ಯೂಟರು ನಡೆಯುತ್ತಿದ್ದರೆ ಮಾತ್ರ ಮೇಲಿನದಕ್ಕೆ ಇಂಟರ್ನೆಟ್ಟು. ಮಧುಮತಿಯ ಗಂಡ ಸಂಗಮೇಶ ಬೈಕಿನಿಂದ ಬಿದ್ದು ಹಾಸಿಗೆ ಹಿಡಿದಿದ್ದ. ಪರದೇಶದ ಡಾಕ್ಟರುಗಳು ಹೇಳಿ ಕಳಿಸಿದ್ದನ್ನು ಕೇಳಿ, ಟೈಪು ಮಾಡಿ, ಅದೇ ದಿನ ವಾಪಸು ಕಳಿಸುವುದು ಅವಳ ಕೆಲಸ. ಆ ಸಂಸಾರದ ಅನ್ನವೆಲ್ಲ ಆ ವೈರು ಹಿಡಿದೇ ಬರಬೇಕಿತ್ತು.

ಹೀಗಿರಲಾಗಿ ಒಂದು ಬೆಳಗ್ಗೆ ಗುಂಡಣ್ಣನವರು ಆ ಕೋಣೆಯಲ್ಲೇ, ಕೂತ ಕುರ್ಚಿಯಲ್ಲೇ ಹೋಗಿಬಿಟ್ಟರು.

ಪುರೋಹಿತರು ಪಂಚಾಂಗ ನೋಡಿ ಮುಖ ಸಣ್ಣದು ಮಾಡಿದರು. ಧನಿಷ್ಠಾ ನಕ್ಷತ್ರದ ಸಾವು. ಆರು ತಿಂಗಳು ಮನೆಯನ್ನೇ ಬಿಡಬೇಕು. ಆಗದಿದ್ದರೆ ಪ್ರಾಣ ಹೋದ ಕೋಣೆಯನ್ನಾದರೂ ಮುಚ್ಚಬೇಕು. ಗುಂಡಣ್ಣನವರ ಅಣ್ಣ ವಸಿಷ್ಠ ತಾವೇ ನಿಂತು ಬೀಗ ಹಾಕಿಸಿ, ಬಾಗಿಲಿಗೆ ಮುಳ್ಳಿನ ಕೊಂಬೆ ಸಿಕ್ಕಿಸಿದರು.

"ಒಳಗಿನ ಒಂದು ಕಡ್ಡೀನೂ ಆಚೆ ಬರಕೂಡದು, ಅಲಮೇಲು."

ಕಂಪ್ಯೂಟರು ಒಳಗೆ ನಡೆಯುತ್ತಲೇ ಇದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಅಲಮೇಲಮ್ಮನಿಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಬಾಗಿಲ ಹಿಂದೆ ಅದರ ಫ್ಯಾನು ಗುಂಯ್ ಎನ್ನುತ್ತಿತ್ತು. ಮೇಲೆ ಮಧುಮತಿಯ ಕೆಲಸ ಸಾಗುತ್ತಿತ್ತು.

ಒಂದು ಮಧ್ಯಾಹ್ನ ಕರೆಂಟು ಹೋಗಿದ್ದು ಬೇಗ ಬರಲಿಲ್ಲ. ಬಂದ ಮೇಲೂ ಬಾಗಿಲ ಹಿಂದಿನ ಸದ್ದು ಬರಲಿಲ್ಲ. ಮಧುಮತಿ ಇಳಿದು ಬಂದು ಗೋಡೆಗೆ ಒರಗಿ ನಿಂತಳು.

"ನೆಟ್ ಹೋತ್ರಿ ಆಂಟಿ. ಇರಲಿ ಬಿಡ್ರಿ, ಹೊಸಾ ಲೈನಿಗೆ ಬರದು ಕೊಟ್ಟೀನಿ."

"ಯಾವಾಗ ಬರುತ್ತಂತೆ?"

"ತಿಂಗಳ ಮ್ಯಾಲ ಆಗ್ತದಂತ್ರಿ."

"ಇವತ್ತಿನ ಕೆಲಸ?"

"ಕಳಸಲಿಲ್ಲಂದ್ರ ಬ್ಯಾರೆಯವರಿಗೆ ಕೊಡ್ತಾರ್ರಿ. ಆಮ್ಯಾಲ ನನ್ನ ಕರೆಯೂದಿಲ್ಲ."

ಅಲಮೇಲಮ್ಮ ದೇವರ ಗೂಡಿನಿಂದ ಬೀಗದ ಕೈ ತಂದರು.

"ಬ್ಯಾಡ್ರಿ ಆಂಟಿ! ನಿಮ್ಮ ಭಾವನವರು ಬೈತಾರ್ರಿ."

"ಬೈಲಿ. ಅವರ ಬಾಯಿಗೆ ಬೇರೆ ಕೆಲಸ ಏನಿದೆ?"

ಮುಳ್ಳು ಸರಿಸಿ ಬಾಗಿಲು ತೆರೆದರು. ಮಧುಮತಿ ಹೆಜ್ಜೆ ಎತ್ತಿದ್ದೇ ತಡ, "ಅಲ್ಲೇ ನಿಲ್ಲೇ!" ಎಂದು ಗದರಿದರು. "ಮೇಲೆ ಹುಷಾರಿಲ್ಲದ ಗಂಡನ್ನ ಇಟ್ಕೊಂಡಿದೀಯ. ಹೊಸಿಲು ದಾಟಬೇಡ. ಅಂಟೋದಿದ್ರೆ ನನಗೇ ಅಂಟಲಿ."

ಅವರು ಅದನ್ನು ಪೂರಾ ನಂಬಿದ್ದರು. ನಂಬಿಕೊಂಡೇ ಒಳಗೆ ಹೋದರು.

ಹೊಸಿಲಾಚೆಯಿಂದ ಮಧುಮತಿ ಹೇಳಿಕೊಟ್ಟಳು. "ಡಬ್ಬಿ ಮ್ಯಾಲಿನ ಗುಂಡಿ ಒತ್ರಿ. ಹಾಂ. ಈಗ ಪರದೆ ಮ್ಯಾಲೆ ಎರಡು ಸಣ್ಣ ಟಿವಿ ಇಟ್ಟಂಗ ಚಿತ್ರ ಐತಲ್ರಿ?"

"ನನ್ನ ಕಣ್ಣಿಗೆ ಎಲ್ಲಾ ಅಂಚೆಚೀಟಿ ಥರಾನೇ ಕಾಣುತ್ತಮ್ಮ!"

ಬಗ್ಗಿ ನೋಡಿದರೂ ಕಾಣದು, ಕೂರಲೇಬೇಕು. ಅಲ್ಲಿದ್ದದ್ದು ಒಂದೇ ಕುರ್ಚಿ. ಅಲಮೇಲಮ್ಮ ಅದರ ಬೆನ್ನು ಹಿಡಿದು ನಿಂತರು. ಆಮೇಲೆ ಸೆರಗು ಹೊದ್ದು, ಕುರ್ಚಿಯ ಅಂಚಿನಲ್ಲಿ ಕೂತರು.

"ಸಿಕ್ತು. ಕನೆಕ್ಟ್ ಅಂತಿದೆ."

"ಅದನ್ನ ಒತ್ರಿ ಆಂಟಿ."

ಮಧುಮತಿ ಮೇಲಕ್ಕೆ ಓಡಿದಳು. "ಬಂತ್ರೀ!" ಎಂಬ ಕೂಗು ಕಿಟಕಿಯಿಂದ ಇಳಿಯಿತು. ಅಲಮೇಲಮ್ಮ ಏಳಲಿಲ್ಲ, ಬಹಳ ಹೊತ್ತು ಅಲ್ಲೇ ಇದ್ದರು.

ವಸಿಷ್ಠರಿಗೆ ಸುದ್ದಿ ಮುಟ್ಟಿತು. ಬಂದರು, ಕೂರಲಿಲ್ಲ.

"ಇನ್ಮೇಲೆ ಈ ಮನೇಲಿ ಒಂದು ಲೋಟ ನೀರೂ ಮುಟ್ಟಲ್ಲ."

"ನಿಮ್ಮಿಷ್ಟ ಭಾವ. ನಿಮ್ಮ ತಮ್ಮ ಕೊಟ್ಟಿದ್ದನ್ನ ಕಿತ್ಕೊಳ್ಳೋಕೆ ನನಗೆ ಕೈ ಬರಲ್ಲ."

ಅವರು ತಮ್ಮನ ಮಾಸಿಕ ಶ್ರಾದ್ಧಗಳಿಗೂ ಬರಲಿಲ್ಲ.

ಆ ಬೇಸಿಗೆಯಲ್ಲಿ ಕರೆಂಟು ಸುಮ್ಮನಿರಬೇಕಲ್ಲ! ಹೋಗಿ ಬಂದಾಗಲೆಲ್ಲ ಅಲಮೇಲಮ್ಮ ಕೋಣೆಗೆ ಹೋಗಿ, ಗುಂಡಿ ಒತ್ತಿ, ಬಾಗಿಲು ಮುಚ್ಚಿ, ಮುಳ್ಳು ಸಿಕ್ಕಿಸಿ, ಮೈಲಿಗೆ ಕಳೆಯಲು ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುತ್ತಿದ್ದರು. ಕೆಲವು ದಿನ ಅವರ ಕೂದಲು ಒಣಗಲೇ ಇಲ್ಲ. ಹೊಸ ಲೈನು ಬರುವವರೆಗೂ ಹೀಗೇ ನಡೆಯಿತು. ಕೆಳಗೆ ಬಚ್ಚಲಲ್ಲಿ ನೀರು ಸುರಿದ ಸದ್ದು ಕೇಳಿದ ಮೇಲೇ ಮಧುಮತಿ ತನ್ನ ಕುರ್ಚಿ ಎಳೆದುಕೊಳ್ಳುತ್ತಿದ್ದಳು.