‘ಪರವಾಗಿಲ್ಲ’ ಅಂದವರ ಪ್ರಮೋಷನ್

ಆ ಶನಿವಾರ ಬೆಳಿಗ್ಗೆ ಇಡ್ಲಿಗೆ ರುಬ್ಬಿಟ್ಟೆ. ಒಗೆದ ಬಟ್ಟೆಯನ್ನು ಬಿದಿರು ಗಳಗಳಿಗೆ ಹಾಕಿ ಅಡುಗೆಮನೆ ಕಿಟಕಿಯಾಚೆ ಚಾಚಿದೆ. ಮಗಳ ಶಾಲೆಯ ಸ್ಕರ್ಟಿಗೆ ಬಿಟ್ಟುಹೋದ ಹೊಲಿಗೆ ಹಾಕಿದೆ. ಬೇಳೆ ಡಬ್ಬಿ ತೊಳೆದು ಬೋರಲಿಟ್ಟೆ. ಮಧ್ಯಾಹ್ನ ನಾನು, ನಮ್ಮವರು, ಮಗಳು ಮೂವರೂ, ನಾವು ಬಂದು ನೆಲೆಸಿದ ಈ ಪರದೇಶದ ಸೆರಂಗೂನ್ ಬಡಾವಣೆಯ ಮಾಲ್‌ಗೆ ಸಿನಿಮಾ ನೋಡಲು ಹೋದೆವು.

ಮಗಳು ಬುಕ್ ಮಾಡಿದ್ದ ಇಂಗ್ಲಿಷ್ ಸಿನಿಮಾ. ದೊಡ್ಡ ಆಫೀಸು, ಒಂದೇ ಮ್ಯಾನೇಜರ್ ಕುರ್ಚಿ, ಅದಕ್ಕಾಗಿ ಕಿತ್ತಾಡುವ ಹುಡುಗ ಹುಡುಗಿ. ಲಿಫ್ಟ್ ಕೆಟ್ಟು ಒಳಗೆ ಸಿಕ್ಕಿಕೊಂಡಾಗ ಇಬ್ಬರಿಗೂ ಪ್ರೀತಿಯಾಗುತ್ತದೆ. ಆದರೂ ಹುಡುಗಿ ಕುರ್ಚಿ ಬಿಡುವುದಿಲ್ಲ. ತುಂಬಿದ ಮೀಟಿಂಗಿನಲ್ಲಿ ಎದ್ದು ನಿಂತು, ಈ ಕೆಲಸ ನನಗೆ ಬೇಕು ಎನ್ನುತ್ತಾಳೆ. ಥಿಯೇಟರಿನಲ್ಲಿ ಎಲ್ಲರೂ ನಕ್ಕರು. ನಮ್ಮವರು ಮಾತ್ರ ಪಾಪ್‌ಕಾರ್ನ್ ಹಿಡಿದ ಕೈಯನ್ನು ಬಾಯಿಗೆ ಒಯ್ಯದೆ ಹಾಗೇ ಕೂತುಬಿಟ್ಟರು.

ಆಮೇಲೆ ಫುಡ್‌ಕೋರ್ಟಿನಲ್ಲಿ ಟೀ ಮುಂದಿಟ್ಟುಕೊಂಡು ವಿಷಯ ಬಿಚ್ಚಿದರು. ಎರಡು ದಿನದ ಹಿಂದೆ ಅವರ ಬಾಸ್, ಇದೇ ಊರಲ್ಲಿ ಹುಟ್ಟಿಬೆಳೆದ ಚೀನೀ ಹೆಂಗಸು, ಟೀಮ್ ಲೀಡ್ ಆಗುತ್ತೀಯಾ ಎಂದು ಕೇಳಿದ್ದರಂತೆ. ವರ್ಷಗಟ್ಟಲೆ ಆಸೆಪಟ್ಟಿದ್ದ ಕೆಲಸ. ಇವರು ‘ಇಟ್ಸ್ ಓಕೆ’ ಅಂದು ಬಂದಿದ್ದರು.

“ಅಂದ್ರೆ?” ಎಂದೆ.

“ಅಂದ್ರೆ, ಪರವಾಗಿಲ್ಲ ಅಂತ. ಒಂದೇ ಸಲಕ್ಕೆ ಹೂಂ ಅಂದ್ರೆ ಚೆನ್ನಾಗಿರುತ್ತಾ? ಇನ್ನೊಂದ್ಸಲ ಕೇಳ್ತಾರೆ ಅಂದ್ಕೊಂಡೆ.”

ಬಾಸ್ ಮತ್ತೆ ಕೇಳಿರಲಿಲ್ಲ. ಇಲ್ಲಿ ‘ಇಟ್ಸ್ ಓಕೆ’ ಎಂದರೆ ಬೇಡ ಎಂದೇ ಅರ್ಥ. ಮಗಳು ಹಣೆ ಚಚ್ಚಿಕೊಂಡಳು. “ಅಪ್ಪಾ, ‘ಕ್ಯಾನ್’ ಅನ್ಬೇಕಿತ್ತು ಲಾ,” ಎಂದಳು ಇಲ್ಲಿಯವರ ಧಾಟಿಯಲ್ಲಿ; ‘ಕ್ಯಾನ್’ ಎಂದರೆ ಇಲ್ಲಿ ‘ಆಗಲಿ’.

ನನಗೆ ನಗು ತಡೆಯಲಾಗಲಿಲ್ಲ. ಇವರು ಮೈಸೂರಿಗೆ ನನ್ನನ್ನು ಹೆಣ್ಣು ನೋಡಲು ಬಂದಾಗಲೂ ಕೇಸರಿಬಾತಿಗೆ ಪರವಾಗಿಲ್ಲ, ಕಾಫಿಗೆ ಪರವಾಗಿಲ್ಲ. ಅಮ್ಮ ಬಿಡದೆ ಮತ್ತೆ ಮತ್ತೆ ಕೇಳಿ ಕೊಟ್ಟಿದ್ದಳು. ಹುಡುಗಿ ಒಪ್ಪಿಗೆಯೇ ಎಂದು ಅಪ್ಪ ಕೇಳಿದರೆ ಅದಕ್ಕೂ ಪರವಾಗಿಲ್ಲ. ಬಾಗಿಲ ಹಿಂದೆ ನಿಂತಿದ್ದ ನನಗೆ ಮೈಯೆಲ್ಲ ಉರಿದಿತ್ತು.

“ನಮ್ಮಪ್ಪ ಎರಡನೇ ಸಲ ಕೇಳಿದ್ರು, ಅದಕ್ಕೇ ನಿಮಗೆ ಮದುವೆ ಆಯ್ತು. ನಿಮ್ಮ ಬಾಸ್ ನಮ್ಮಪ್ಪ ಅಲ್ಲ. ಈಗಲೇ ಮೆಸೇಜ್ ಹಾಕಿ.”

ತಮಗೆ ತೊಂದರೆಯಿಲ್ಲದಿದ್ದರೆ, ಎಂದು ಟೈಪ್ ಮಾಡತೊಡಗಿದರು. ಮಗಳು ಅಳಿಸಿದಳು. ಬೇರೆ ಯಾರೂ ಇಲ್ಲದಿದ್ದರೆ, ಎಂದರು. ಅದನ್ನೂ ಅಳಿಸಿದಳು. ಕೊನೆಗೆ ಉಳಿದದ್ದು ಇಷ್ಟೇ: ಆ ಕೆಲಸ ನನಗೆ ಬೇಕು. ಕಳಿಸಿ, ಫೋನನ್ನು ಮೇಜಿನ ಮೇಲೆ ಬೋರಲಿಟ್ಟು, ಆರಿದ ಟೀ ಕುಡಿದರು.

ಮನೆಗೆ ಬಂದು ಒಣಗಿದ ಬಟ್ಟೆ ಒಳಗೆಳೆಯುವಾಗ ಗಳದ ಒಂದು ತುದಿ ಅವರೇ ಹಿಡಿದಿದ್ದರು. ಫೋನು ಸದ್ದು ಮಾಡಿತು. ಗಳ ಕೈಬಿಟ್ಟು ಓಡಿದರು. ನನ್ನ ಸೀರೆ ನೆಲಕ್ಕೆ. ನಿನಗೆ ಬೇಡವೇನೋ ಅಂದುಕೊಂಡಿದ್ದೆ, ಯಾರಿಗೂ ಕೊಟ್ಟಿಲ್ಲ, ಸೋಮವಾರದಿಂದ ನೀನೇ ಲೀಡ್, ಎಂದಿತ್ತು ಬಾಸ್ ಮೆಸೇಜು. ಸೀರೆಯನ್ನು ಇನ್ನೊಮ್ಮೆ ಒಗೆದೆ, ಬೈಯಲಿಲ್ಲ.

ರಾತ್ರಿ ಮೆಂತ್ಯಸೊಪ್ಪಿನ ಬಾತು, ಸೌತೆಕಾಯಿ ಮೊಸರುಬಜ್ಜಿ, ಸುಟ್ಟ ಹಪ್ಪಳ. ಇನ್ನೊಂದು ಸೌಟು ಹಾಕಲೇ ಎಂದೆ. “ಪರವಾ…” ಎಂದವರು ನನ್ನ ಮುಖ ನೋಡಿ, “ಬೇಕು” ಎಂದರು. ಎರಡು ಸೌಟು ಹಾಕಿದೆ. ಮಗಳಿಗಿಂತಲೂ ಮೊದಲು ನಿದ್ದೆ ಹೋದದ್ದು ಹೊಸ ಟೀಮ್ ಲೀಡ್.