ಬಾಯಲ್ಲಿ ತರಬಾರದ ಹೆಸರು

ಮಾತಾಡುವ ಮೊದಲು ಆಯಿ ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಇಳಕಲ್ ಸೀರೆಯ ಆ ತುದಿ ಯಾವಾಗಲೂ ಒದ್ದೆ, ಎಲೆಅಡಿಕೆಯ ಕೆಂಪು ಹತ್ತಿ ಬಣ್ಣಗೆಟ್ಟಿರುತ್ತಿತ್ತು. ಏನು ಕೇಳಿದರೂ ಮೊದಲು ಸೆರಗು, ಆಮೇಲೆ ಮಾತು. ಮೂಗಿನ ತುದಿಯಲ್ಲೇ ಸಿಟ್ಟಿರುವ ನನಗೆ ಅದನ್ನು ಸಹಿಸಲು ಆಗುತ್ತಿರಲಿಲ್ಲ. "ಲಗೂ ಹೇಳು ಆಯಿ" ಎಂದು ರೇಗಿದರೆ, "ಹೇಳಿದ್ದು ತಿರುಗಿ ಒಳಗ ತಗೊಳ್ಳಾಕ ಬರ್ತದೇನವ್ವಾ?" ಎನ್ನುತ್ತಿದ್ದಳು.

ಶಹಾಪುರದ ಹತ್ತಿರದ ನಮ್ಮೂರಿನಲ್ಲಿ ಅವಳದು ನಮ್ಮ ಬಾಜೂಮನೆ. ನನಗೆ ರಕ್ತಸಂಬಂಧಿಯಲ್ಲ, ಓಣಿಗೆಲ್ಲ ಆಯಿ, ಅಜ್ಜಿ. ಅಣ್ಣತಮ್ಮಂದಿರು ಜಗಳಾಡಲಿ, ಸೊಸೆ ಮುನಿಸಿಕೊಂಡು ತವರಿಗೆ ಹೊರಡಲಿ, ಆಯಿಯನ್ನು ಕರೆಯುತ್ತಿದ್ದರು. ಅವಳ ಬಾಯಲ್ಲಿ ಸುಳ್ಳು ಬಂದದ್ದನ್ನು ಯಾರೂ ಕೇಳಿರಲಿಲ್ಲ. ಇನ್ನೊಂದು ಹಟವೂ ಇತ್ತು. ಗಂಡನ ಹೆಸರು, ಮಾವನ ಹೆಸರು ಸತ್ತರೂ ಹೇಳುತ್ತಿರಲಿಲ್ಲ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ನನ್ನ ಬೆನ್ನಿಗೆ ತಿವಿದು ಮುಂದೆ ದಬ್ಬುವಳು, ನಾನು ಹೇಳಬೇಕು. ಇದೆಂಥ ಹುಚ್ಚು ಎಂದು ನಗುತ್ತಿದ್ದೆ.

ಆ ವರ್ಷ ಎಲ್ಲರ ಮೊಬೈಲಿನಲ್ಲೂ ಒಂದೇ ಸುದ್ದಿ: ಮಕ್ಕಳ ಕಳ್ಳರು ಬಂದಿದ್ದಾರೆ. ಸುರಪುರದ ಕಡೆ ಸಿಕ್ಕರಂತೆ, ಯಾದಗಿರಿಯಲ್ಲಿ ತಪ್ಪಿಸಿಕೊಂಡರಂತೆ. ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಆದರೂ ನಾವೆಲ್ಲ ಮಕ್ಕಳನ್ನು ಒಳಗೆ ಕೂಡಿ ಚಿಲಕ ಹಾಕುತ್ತಿದ್ದೆವು.

ಅಂಥದ್ದರಲ್ಲಿ ಒಂದು ಮಧ್ಯಾಹ್ನ ಚಾಪೆ ಮಾರುವವನೊಬ್ಬ ಓಣಿಗೆ ಬಂದ. ಅಳುತ್ತಿದ್ದ ಕೂಸಿಗೆ ಬಿಸ್ಕೀಟು ಕೊಟ್ಟ. ಕೂಸಿನ ಅವ್ವ ಚೀರಿದಳು. ನಾನು ಹೊರಗೆ ಬರುವಷ್ಟರಲ್ಲಿ ಅವನನ್ನು ಬೇವಿನ ಗಿಡಕ್ಕೆ ಕಟ್ಟಿದ್ದರು. ತುಟಿ ಒಡೆದು ರಕ್ತ ಅಂಗಿಗೆ ಇಳಿದಿತ್ತು. ನಮ್ಮ ಕಡೆಯದಲ್ಲದ ಹಿಂದಿಯಲ್ಲಿ ಏನೋ ಬೇಡಿಕೊಳ್ಳುತ್ತಿದ್ದ. ಅದನ್ನು ಕೇಳಿ ಜನರಿಗೆ ಮತ್ತಷ್ಟು ಉರಿಯಿತು. ಪೊಲೀಸರಿಗೆ ಫೋನ್ ಮಾಡಿದೆ. "ಬರಾಕತ್ತೇವ್ರಿ" ಎಂದರು. ಅವರು ಬರುವವರೆಗೆ ಇವನು ಉಳಿಯುವುದಿಲ್ಲ ಎನಿಸಿತು. ಟ್ರ್ಯಾಕ್ಟರ್ ಓಡಿಸುವ ಮೂಲೆಮನೆಯವನು ಕಬ್ಬಿಣದ ರಾಡು ಹಿಡಿದು ಮುಂದೆ ನುಗ್ಗುತ್ತಿದ್ದ.

ಆಯಿ ಬಂದಳು. ಸೆರಗು ತಲೆಯಿಂದ ಜಾರಿ ನೆಲಕ್ಕೆ ಬಿದ್ದಿತ್ತು, ಎತ್ತಿಕೊಳ್ಳಲಿಲ್ಲ.

"ಬಿಡ್ರೋ ನನ್ನ ಮೊಮ್ಮಗನ್ನ! ಸೊಲ್ಲಾಪುರದಾಗಿನ ನಮ್ಮ ಮೈದುನನ ಮೊಮ್ಮಗ ಅದಾನಂವ!"

ಗುಂಪು ಗಕ್ಕನೆ ನಿಂತಿತು. ಆಯಿ ಅವನ ಹೆಗಲಿಗೆ ಒಂದು ಏಟು ಹಾಕಿದಳು. "ಮೊದಲ ಮನಿಗಿ ಬರೂದು ಬಿಟ್ಟು ಓಣಿ ತಿರಗಾಕತ್ತೀಯೇನೋ?"

ಸೊಲ್ಲಾಪುರಕ್ಕೆ ದುಡಿಯಲು ಹೋದ ಅವಳ ಮೈದುನ ಮಕ್ಕಳಿಲ್ಲದೆಯೇ ತೀರಿಕೊಂಡಿದ್ದ. ಆಯಿ ನನ್ನ ಮುಂದೆ ಮಾತ್ರ ಹೇಳಿಕೊಂಡಿದ್ದರಿಂದ, ಅಲ್ಲಿದ್ದವರಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೆ.

ಮೂಲೆಮನೆಯವನು ರಾಡು ಇಳಿಸಲಿಲ್ಲ. "ಹಂಗಾರ ಹೆಸರು ಹೇಳು ಆಯಿ. ಇವನ ಹೆಸರೇನು?"

ಆ ಮನುಷ್ಯ ಬಾಯಿ ತೆರೆಯಲು ನೋಡಿದ. ಆಯಿ ಅವನ ಬಾಯಿಗೆ ಅಂಗೈ ಒತ್ತಿದಳು. ಮುಗಿಯಿತು ಎಂದುಕೊಂಡೆ.

"ನಮ್ಮ ಮಾವನ ಹೆಸರಿಟ್ಟಾರ ಇವನಿಗಿ. ಮಾವನ ಹೆಸರು ನನ್ನ ಬಾಯಾಗ ತರಸ್ತೀಯೇನೋ? ಹೋಗು, ನಿಮ್ಮವ್ವ ತನ್ನ ಮಾವನ ಹೆಸರು ಹೇಳ್ತಾಳೇನು ಕೇಳಿ ಬಾ!"

ಹಿಂದೆ ನಿಂತಿದ್ದ ಹೆಂಗಸರು "ಹೌದಲ್ಲ ಮತ್ತ, ಹ್ಯಾಂಗ ಹೇಳ್ಯಾಳು?" ಎಂದು ಗೊಣಗಿದರು. ಯಾರೋ ನಕ್ಕರು. ರಾಡು ಇಳಿಯಿತು. ಹಗ್ಗ ಬಿಚ್ಚಿದ್ದೂ ಮೂಲೆಮನೆಯವನೇ.

ಒಳಗೆ ಕೂರಿಸಿ ನೀರು ಕೊಟ್ಟಾಗ ಆ ಮನುಷ್ಯ ಅಳುತ್ತ ತನ್ನ ಹೆಸರು ಹೇಳಹೊರಟ. ಆಯಿ ಗಡಬಡಿಸಿ ಕೈ ಅಡ್ಡ ಮಾಡಿದಳು. "ಬ್ಯಾಡೋ ಯಪ್ಪಾ. ಹೇಳಿದ್ರ ನನ್ನ ಮಾತು ಸುಳ್ಳಾಗ್ತದ." ಸ್ವಲ್ಪ ಹೊತ್ತಿಗೆ ಪೊಲೀಸ್ ಜೀಪು ಬಂದು ಅವನನ್ನು ಶಹಾಪುರಕ್ಕೆ ಕರೆದೊಯ್ದಿತು.

ಅಷ್ಟು ಅವಸರದಲ್ಲಿ ಆ ಬುದ್ಧಿ ಹೇಗೆ ಹೊಳೆಯಿತು ಎಂದು ಕೇಳಿದೆ. ಆಯಿ ಈಗ ಸೆರಗು ಕಚ್ಚಿಕೊಂಡಳು.

"ಅವಾಗ ಹೊಳೆದದ್ದಲ್ಲವ್ವಾ. ನಾ ಹೊಸ ಸೊಸಿ ಆಗಿ ಬಂದಾಗ ಇದೇ ಗಿಡದ ಬುಡಕ ಒಬ್ಬನ್ನ ಬಡದ್ರು. ನಾ ಬಾಗಲ ಹಿಂದ ಸೆರಗು ಕಚ್ಚಿಕೊಂಡು ನಿಂತಿದ್ದೆ, ಏನ್ ಅನ್ನಬೇಕು, ಹ್ಯಾಂಗ ಅನ್ನಬೇಕು ಅಂತ. ಮಾತು ಹೊಳೆಯೂದ್ರಾಗ ಅಂವ ಸತ್ತಿದ್ದ. ಆ ಮಾತು ನನ್ನ ಹತ್ರನ ಉಳಿದಿತ್ತು."

ಆಮೇಲೆ ಅವನು ಈ ಕಡೆ ಚಾಪೆ ಮಾರಲು ಬಂದಾಗಲೆಲ್ಲ ಆಯಿಯ ಮನೆಯಲ್ಲಿ ರೊಟ್ಟಿ ತಿಂದು ಹೋಗುತ್ತಿದ್ದ. ಅವನ ನಂಬರು ನನ್ನ ಫೋನಿನಲ್ಲಿ 'ಆಯಿ ಮೊಮ್ಮಗ' ಎಂದೇ ಇದೆ.

ಹೋದ ವರ್ಷ ಆಯಿ ತೀರಿಕೊಂಡಾಗ ನಾನೇ ಅವನಿಗೆ ತಿಳಿಸಿದೆ. ಮಣ್ಣು ಕೊಡುವ ಹೊತ್ತಿಗೆ ಬಂದು ಹೆಗಲು ಕೊಟ್ಟ. ಆಯಿಯ ತವರಿನ ಹಿರಿಯರೊಬ್ಬರು "ಇಂವ ಯಾರು? ಹೆಸರೇನು?" ಎಂದರು. ಅವನು ಗಾಬರಿಯಾಗಿ ನನ್ನ ಕಡೆ ನೋಡಿದ. ನಾನು ಬಾಯಿ ತೆರೆಯುವ ಮೊದಲೇ, ಇನ್ನೊಂದು ಬದಿ ಹೆಗಲು ಕೊಟ್ಟಿದ್ದ ಮೂಲೆಮನೆಯವನು ಹೇಳಿದ:

"ಆಯಿ ಮೊಮ್ಮಗ ರೀ. ಹಿರ್ಯಾರ ಹೆಸರು ಅದ, ಹೇಳಬಾರದು."

ಮೂಲೆಮನೆಯವನಿಗೆ ನಿಜ ಯಾವಾಗ ತಿಳಿಯಿತು, ಅಥವಾ ತಿಳಿದೇ ಇಲ್ಲವೇ? ಕೇಳಬೇಕೆಂದು ಬಾಯಿತನಕ ಬಂದಿತ್ತು. ಸೆರಗು ಕಚ್ಚಿಕೊಂಡೆ.